ಪಾತ್ರೆ ತೊಳೆಯುವ ಮೊದಲು

2019ರ ಜನವರಿಯಲ್ಲಿ ಚಿಂತಾಮಣಿಯ ಗಂಗಮ್ಮನ ಗುಡಿಯ ಬಳಿ ಹಂಚಿದ ಕೇಸರಿಬಾತ್ ತಿಂದು ಇಬ್ಬರು ಹೆಂಗಸರು ತೀರಿಕೊಂಡರು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದವರಿಗೆ ಅದು ಪಕ್ಕದ ತಾಲ್ಲೂಕು. ಅದರ ಹಿಂದಿನ ತಿಂಗಳಷ್ಟೇ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕೀಟನಾಶಕ ಬೆರೆಸಿದ ಪ್ರಸಾದಕ್ಕೆ 17 ಮಂದಿ ಬಲಿಯಾಗಿದ್ದರು. 2007ರ ಕೊನೆಗೆ ಸಿಕ್ಕಿಬಿದ್ದ ‘ಸಯನೈಡ್ ಮಲ್ಲಿಕಾ’ ಕೂಡ ದೇವಸ್ಥಾನಗಳಲ್ಲೇ ಹೆಂಗಸರ ಸ್ನೇಹ ಬೆಳೆಸಿ, ಪೂಜೆಯ ನೆಪದಲ್ಲಿ ವಿಷ ಕೊಡುತ್ತಿದ್ದವಳು. ಬೇಡ ಎನ್ನಲಾಗದ ಕೈಯಿಂದಲೇ ವಿಷ ಬರುವುದು ಹೆಚ್ಚು.

ಕೋಲಾರ, ಮಾಲೂರು, ಮುಳಬಾಗಿಲು ಕಡೆ ಟೊಮೆಟೊಗೆ, ಮಾವಿಗೆ ಹೊಡೆಯುವ ಔಷಧಿ ಮನೆಯ ಮೂಲೆಯಲ್ಲೇ ಇರುತ್ತದೆ. ಡಬ್ಬಿಯ ಮೇಲೆ ಕೆಂಪು ತ್ರಿಕೋನವಿದ್ದರೆ ಅತಿ ಘೋರ ವಿಷ. ಬೀಗ ಹಾಕಿಡಿ.

ಊಟವಾದ ಮೇಲೆ ವಾಂತಿ, ಬಾಯಲ್ಲಿ ನೊರೆ, ವಿಪರೀತ ಬೆವರು ಕಂಡರೆ 108ಕ್ಕೆ ಕರೆ ಮಾಡಿ. ‘ಯಾರೋ ಮದ್ದು ಹಾಕಿದ್ದಾರೆ’ ಎಂದು ಮದ್ದು ತೆಗೆಯುವವರ ಬಳಿಗೆ ಓಡುವುದು ಇನ್ನೂ ನಿಂತಿಲ್ಲ; ಅಲ್ಲಿ ಜೀವ ಉಳಿಸುವ ಹೊತ್ತೂ ಹೋಗುತ್ತದೆ, ಸಾಕ್ಷ್ಯವೂ ಹೋಗುತ್ತದೆ. ಪೊಲೀಸ್ ಕೇಸು ಎಂದು ಯಾವ ಆಸ್ಪತ್ರೆಯೂ ಹಿಂದೆ ಕಳಿಸುವಂತಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಚಿಕಿತ್ಸೆ ಮೊದಲು ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ.

ಇಂಥ ಕೇಸು ಎಷ್ಟೋ ಸಲ ಬಿದ್ದುಹೋಗುವುದು ಅಡುಗೆಮನೆಯಲ್ಲಿ. ಪೊಲೀಸರು ಬರುವಷ್ಟರಲ್ಲಿ ವಾಂತಿ ಒರೆಸಿ, ಪಾತ್ರೆ ಬೆಳಗಿಟ್ಟಿರುತ್ತಾರೆ. ವಿಷ ಹಾಕಿ ಕೊಂದ ಮೊಕದ್ದಮೆಯಲ್ಲಿ ನ್ಯಾಯಾಲಯ ಏನು ಕೇಳುತ್ತದೆ ಎಂಬುದು 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪಿನಲ್ಲಿದೆ: ಕೊಲ್ಲಲು ಕಾರಣವಿತ್ತೇ, ಸಾವು ವಿಷದಿಂದಲೇ ಆಯಿತೇ, ಆರೋಪಿಯ ಬಳಿ ಆ ವಿಷವಿತ್ತೇ, ಕೊಡುವ ಅವಕಾಶ ಸಿಕ್ಕಿತ್ತೇ. ಉಳಿದ ಅನ್ನ, ಲೋಟ, ಬಾಟಲಿ, ವಾಂತಿಯಾದ ಬಟ್ಟೆ ಇದ್ದಂತೆಯೇ ಬಿಟ್ಟು, ಪೊಲೀಸರು ಮಹಜರು ಮಾಡಿ ತೆಗೆದುಕೊಳ್ಳಲಿ. ಹೊಟ್ಟೆ ತೊಳೆದ ದ್ರವವನ್ನು ಪರೀಕ್ಷೆಗೆ ಎತ್ತಿಡುವಂತೆ ವೈದ್ಯರನ್ನು ಕೇಳಿ. ರೋಗಿಗೆ ಪ್ರಜ್ಞೆ ಇದ್ದರೆ ಹೇಳಿಕೆ ದಾಖಲಾಗಲಿ. ಸಾವು ಸಂಭವಿಸಿದರೆ ಅದೇ ಮರಣಪೂರ್ವ ಹೇಳಿಕೆ. ಮರಣೋತ್ತರ ಪರೀಕ್ಷೆ ಬೇಡವೆಂದು ಹಟ ಹಿಡಿದರೆ ಲಾಭ ಕೊಂದವನಿಗೆ.

ಮಾಲೂರಿನಲ್ಲಿ ನಡೆದ ಘಟನೆಗೆ ಕೋಲಾರದ ಠಾಣೆಯಲ್ಲೂ ದೂರು ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಂ ಪ್ರಕಾರ ವ್ಯಾಪ್ತಿಯ ನೆಪ ಹೇಳುವಂತಿಲ್ಲ, ಎಫ್‌ಐಆರ್ ಪ್ರತಿ ಉಚಿತ. ದಾಖಲಿಸದಿದ್ದರೆ ಎಸ್‌ಪಿಗೆ ಬರೆಯಿರಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಿ. ನೋವುಂಟುಮಾಡಲು ವಿಷ ಕೊಟ್ಟರೆ, ಯಾರೂ ಸಾಯದಿದ್ದರೂ, ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಂನಡಿ 10 ವರ್ಷದವರೆಗೆ ಜೈಲು. ಊರ ಹಿರಿಯರು ಕೂಡಿಸಿ ರಾಜಿ ಮಾಡಿಸಿದರೂ ಈ ಕೇಸು ಮುಗಿಯದು. ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ಪೊಲೀಸರು ನಿಮಗೆ ತಿಳಿಸಬೇಕು. ವಕೀಲರ ನೆರವಿಗೂ ಪರಿಹಾರದ ಅರ್ಜಿಗೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಸಹಾಯವಾಣಿ 15100.