ಸತ್ತ ಕಾಡುಪ್ರಾಣಿಗಳಲ್ಲಿ ಲೋಹವಿಷದ ಪರೀಕ್ಷೆ

ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯ ಸೀಮೆಗೆ ಕಪ್ಪತಗುಡ್ಡವು ಸಮೀಪದ ಅರಣ್ಯವಾಗಿರುವದು. 2019ರಲ್ಲಿ ಈ ಗುಡ್ಡವು ವನ್ಯಜೀವಿಧಾಮವೆಂದು ಘೋಷಿಸಲ್ಪಟ್ಟಿತು. ಅಲ್ಲಿಯ ನವಿಲು, ಮೊಲ ಮುಂತಾದವು ಹಳ್ಳದ ನೀರು ಕುಡಿದು, ಹೊಲದಂಚಿನಲ್ಲಿ ಮೇಯುವವು. ಒಕ್ಕಲಿಗರ ದನಕರುಗಳೂ ಅದೇ ನೀರನ್ನು ಕುಡಿಯುವವು. ಆದಕಾರಣ ಕಾಡುಪ್ರಾಣಿಯ ದೇಹದಲ್ಲಿ ಸೇರಿದ ಲೋಹದ ಪರೀಕ್ಷೆಯು ಊರಿಗೂ ಉಪಯುಕ್ತವಾದದ್ದು. ಆದರೆ ಮಾದರಿಯನ್ನು ತಪ್ಪಾಗಿ ತೆಗೆದರೆ ಇಲ್ಲದ ವಿಷಕ್ಕೆ ಊರು ಅಂಜುವದು, ಇಲ್ಲವೆ ಇದ್ದ ವಿಷವು ಮರೆಯಾಗುವದು.

ಎಲ್ಲ ಲೋಹಗಳೂ ಒಂದೇ ಅಂಗದಲ್ಲಿ ನಿಲ್ಲುವದಿಲ್ಲ. ಸೀಸವು ಎಲುಬಿನಲ್ಲಿ ಅನೇಕ ವರ್ಷಗಳ ವರೆಗೆ ಉಳಿಯುವದು. ರಕ್ತವು ಇತ್ತೀಚಿನ ಸೇವನೆಯನ್ನು ಮಾತ್ರ ತೋರಿಸುವದು. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹೆಚ್ಚಾಗಿ ಕೂಡುವದು. ಪಾದರಸವು ಯಕೃತ್ತು, ಮೂತ್ರಪಿಂಡ, ಗರಿ, ಕೂದಲುಗಳಲ್ಲಿ ದೊರೆಯುವದು. ಗರಿಯ ಮೇಲೆ ಕುಳಿತ ಧೂಳಿನಲ್ಲಿಯೂ ಲೋಹವಿರುವದರಿಂದ ಅದನ್ನು ಚೆನ್ನಾಗಿ ತೊಳೆದ ಬಳಿಕವೇ ಪರೀಕ್ಷಿಸತಕ್ಕದ್ದು.

ಮಾದರಿಯನ್ನು ಪ್ರತಿ ಪ್ರಾಣಿಯಲ್ಲಿಯೂ ಅಂಗದ ಅದೇ ಭಾಗದಿಂದ ತೆಗೆಯಬೇಕು. ಗುಂಡಿನ ಗಾಯದ ಸುತ್ತಲಿನ ಮಾಂಸವನ್ನು ಬಿಡಬೇಕು. ಅಲ್ಲಿ ಸೀಸದ ಚೂರುಗಳಿರುವ ಸಂಭವವುಂಟು. ತುಕ್ಕು ಹಿಡಿದ ಚೂರಿಯನ್ನು ಉಪಯೋಗಿಸಲಾಗದು. ಮಾದರಿಯನ್ನು ಆಮ್ಲದಿಂದ ತೊಳೆದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಹೆಸರು, ಸ್ಥಳ, ತಾರೀಖುಗಳನ್ನು ಬರೆದು, ಬೇಗನೆ ಹೆಪ್ಪುಗಟ್ಟಿಸಬೇಕು. ಬಿಸಿಲಿನಲ್ಲಿ ಬಿದ್ದ ಹೆಣದ ತೇವವು ಆರಿಹೋಗುವದರಿಂದ ಹಸಿತೂಕದ ಲೆಕ್ಕದಲ್ಲಿ ಲೋಹವು ಹೆಚ್ಚಿದಂತೆ ಕಾಣುವದು. ಒಣಗಿಸಿ ತೂಗಿದರೆ ಈ ದೋಷವು ತಪ್ಪುವದು.

ಒಂದೇ ಪ್ರಾಣಿಯಿಂದ ನಿರ್ಣಯಕ್ಕೆ ಬರಲಾಗದು. ಗದಗ ಭಾಗದ ಚಿನ್ನದ ಅದಿರಿನೊಡನೆ ಆರ್ಸೆನಿಕ್ ಎಂಬ ಪಾಷಾಣವುಳ್ಳ ಖನಿಜವೂ ಇರುವದು. ಆದ್ದರಿಂದ ದೇಹದಲ್ಲಿ ಅದು ಕಂಡ ಮಾತ್ರಕ್ಕೆ ಮನುಷ್ಯರ ಕೃತ್ಯವೆನ್ನಲಾಗದು. ನೆಲದ ಸ್ವಭಾವವೂ ಕಾರಣವಾಗಿರಬಹುದು. ಅದೇ ಜಾತಿಯ, ಅದೇ ವಯಸ್ಸಿನ ಹಲವು ಪ್ರಾಣಿಗಳನ್ನು ಬೇರೆ ಸ್ಥಳದವುಗಳೊಡನೆ ಹೋಲಿಸಿದ ಮೇಲೆಯೇ ಸತ್ಯವು ತಿಳಿಯುವದು. ಜೊತೆಗೆ ಅಲ್ಲಿಯ ನೀರು, ಮಣ್ಣುಗಳನ್ನೂ ಪರೀಕ್ಷಿಸುವದು ಒಳ್ಳೆಯದು.

ಊರಿನ ಗೌಡರೂ ಜಮೀನುದಾರರೂ ಸತ್ತ ಪ್ರಾಣಿಯನ್ನು ತಾವೇ ಕೊಯ್ಯಲಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇರೆಗೆ ಅದು ಸರಕಾರದ ಸ್ವತ್ತು. ನೆರಡಿಯಂಥ ರೋಗದ ಭಯವೂ ಉಂಟು. ಹೆಣವನ್ನು ಬರಿಗೈಯಿಂದ ಮುಟ್ಟದೆ, ನಾಯಿಗಳು ಬಾರದಂತೆ ಕಾವಲಿಟ್ಟು, ಅರಣ್ಯ ಇಲಾಖೆಗೆ ತಡವಿಲ್ಲದೆ ತಿಳಿಸಬೇಕು. ಸಿಕ್ಕ ಸ್ಥಳ, ವೇಳೆ, ಹತ್ತಿರದ ನೀರು, ಹೊಲಕ್ಕೆ ಸಿಂಪಡಿಸಿದ ಔಷಧಿ, ಇವುಗಳನ್ನು ಬರೆದಿಡಬೇಕು. ಪಶುವೈದ್ಯರ ಕೆಲಸವು ಈ ಟಿಪ್ಪಣಿಯಿಂದ ಅರ್ಧ ಹಗುರಾಗುವದು.