ಹೊಸ ಕಯಾಕ್ ಕೊಂಡ ತಂಗಿಗೆ ದೊಡ್ಡಪ್ಪನ ಕಾಗದ



ಹದಿನಾರೂವರೆ ಅಡಿ ಉದ್ದದ ಬೋಟು ಬೆಂಗಳೂರಿನ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಮಲಗಿದೆ, ಸೆಕ್ಯೂರಿಟಿಯವನ ಜೊತೆ ದಿನಾ ಜಗಳ ಎಂದು ನಿನ್ನಪ್ಪ ಫೋನಿನಲ್ಲಿ ನಗಾಡಿದ. ನಾನೂ ನಕ್ಕೆ. ಆಮೇಲೆ ನಿನ್ನ ಯೋಜನೆ ಕೇಳಿದೆ. ಬೋಟನ್ನು ನೇರ ಗೋಕರ್ಣಕ್ಕೆ ತಂದು, ಓಂ ಬೀಚಿನಲ್ಲಿ ನೀರಿಗಿಳಿಸಿ, ಒಬ್ಬಳೇ ತೆಂಕಕ್ಕೆ ಸಾಗಿ ತದಡಿ ಅಳಿವೆಯಲ್ಲಿ ಒಳಗೆ ಬರುತ್ತೀಯಂತೆ. ಬೇಡ ಎನ್ನಲು ಕಾಗದ ಬರೆಯುತ್ತಿಲ್ಲ. ಹಿಂದುಮುಂದು ಮಾಡು ಎನ್ನುತ್ತಿದ್ದೇನೆ, ಅಷ್ಟೆ: ಅಳಿವೆಯ ಒಳಗಿನ ನೀರು ಮೊದಲು, ಕಡಲು ಆಮೇಲೆ. ನಿನ್ನ ಹಾಗೇ ಹೊಸ ಬೋಟು ಕಟ್ಟಿಕೊಂಡು ಘಟ್ಟ ಇಳಿಯುವವರು ಈಗ ಬಹಳ. ಅವರೂ ಓದಲಿ ಎಂದು ಪತ್ರಿಕೆಗೂ ಕೊಟ್ಟೆ.

ಚಳಿಗಾಲದ ಬೆಳಗ್ಗೆ ಗೋಕರ್ಣದ ಕಡಲು ಎಣ್ಣೆ ಸವರಿದ ಹಾಗಿರುತ್ತದೆ. ಹೊಸಬರು ಮೋಸ ಹೋಗುವುದೇ ಅಲ್ಲಿ. ರಾತ್ರಿ ತಣಿದ ನೆಲದ ಗಾಳಿ ಮೂಡಣದಿಂದ ಕಡಲಿನತ್ತ ಬೀಸುತ್ತಿರುತ್ತದೆ. ಗುಡ್ಡದ ಮರೆಯಲ್ಲಿ ಇರುವಷ್ಟು ಹೊತ್ತು ಅದು ತಿಳಿಯುವುದೇ ಇಲ್ಲ. ದಡ ಬಿಟ್ಟು ಹೊರಗೆ ಹೋದ ಮೇಲೆ ಬೆನ್ನಿಗೆ ನಿಂತು ನೂಕುತ್ತದೆ, ಬೋಟು ಓಡುತ್ತದೆ, ನಿನಗೆ ಅದು ನಿನ್ನ ತೋಳಿನ ಶಕ್ತಿ ಎನಿಸುತ್ತದೆ. ತಿರುಗಿ ನಿಂತಾಗ ಲೆಕ್ಕ ಸಿಗುತ್ತದೆ. ಮಧ್ಯಾಹ್ನ ಗಾಳಿ ತಿರುಗಿ ಪಡುವಣದಿಂದ ದಡದತ್ತ ತಳ್ಳುತ್ತದೆ, ನಿಜ. ಆದರೆ ಓಂ ಬೀಚಿನಿಂದ ತೆಂಕಕ್ಕೆ ದಡವೆಂದರೆ ಬಹಳ ಕಡೆ ಕಲ್ಲುಗುಡ್ಡವೇ. ಮರಳು ಸಿಗುವುದು ನಡುನಡುವೆ, ತುಂಡುತುಂಡಾಗಿ.

ಇನ್ನು ಅಳಿವೆ. ಅಲ್ಲಿ ಕಡಲು ಸೇರುವ ಅಘನಾಶಿನಿ ಹೊಳೆಗೆ ಅಣೆಕಟ್ಟಿಲ್ಲ, ಅದರ ನೀರು ಯಾರ ಗೇಟಿಗೂ ಕಾಯುವುದಿಲ್ಲ. ಇಳಿತದ ಹೊತ್ತಿಗೆ ಒಳಗಿನ ಅಷ್ಟೂ ನೀರು ಒಂದೇ ಬಾಗಿಲಲ್ಲಿ ಹೊರಬೀಳಬೇಕು. ಕಯಾಕಿನಲ್ಲಿ ನೀನು ದಣಿವಿಲ್ಲದೆ ಹೋಗುವ ವೇಗ ಗಂಟೆಗೆ ಐದಾರು ಕಿಲೋಮೀಟರು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಜೋರಾಗಿರುವಾಗ ಅದಕ್ಕೆದುರು ಹುಟ್ಟು ಹಾಕಿದರೆ ದಡದ ತೆಂಗಿನಮರ ಇದ್ದಲ್ಲೇ ಇರುತ್ತದೆ. ಹೊರಹೋಗುವ ನೀರಿಗೂ ಒಳಬರುವ ತೆರೆಗೂ ಡಿಕ್ಕಿಯಾಗುವ ಜಾಗದಲ್ಲಿ ತೆರೆ ಕಡಿದಾಗಿ ಎದ್ದು ಮುರಿಯುತ್ತದೆ. ತದಡಿಯ ಮೀನು ಬೋಟುಗಳು ಹೋಗಿಬರುವುದೂ ಅದೇ ಬಾಗಿಲಲ್ಲಿ. ನೀರಿನ ಮಟ್ಟದಲ್ಲೇ ಕೂತ ನಿನ್ನನ್ನು ಅವರು ನೋಡಿಯೇ ನೋಡುತ್ತಾರೆ ಎಂದು ನಂಬಬೇಡ.

ಅದಕ್ಕೇ ಮೊದಲ ದಿನ ಒಳಗಿನ ನೀರು. ಅಷ್ಟಮಿಯ ಆಚೀಚೆ ನೀರಿನ ಸೆಳೆತ ಕಡಿಮೆ; ಹುಣ್ಣಿಮೆ, ಅಮಾವಾಸ್ಯೆ ಎರಡರಿಂದಲೂ ದೂರವಿದ್ದು ಬೆಳಗ್ಗೆ ನೀರು ಏರುತ್ತಿರುವ ದಿನವನ್ನು ಉಬ್ಬರ-ಇಳಿತದ ಪಟ್ಟಿ ನೋಡಿ ಆರಿಸು. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ಹೋದ ವಾರದ ಲೆಕ್ಕ ಈ ವಾರಕ್ಕಾಗದು. ಏರುವ ನೀರಿನಲ್ಲಿ ಹೊಳೆಯ ನಡುವಿನ ಮಾಸೂರ ಕುರ್ವೆಯತ್ತ ಹೋಗು. ಏನೇ ಎಡವಟ್ಟಾದರೂ ನೀರು ನಿನ್ನನ್ನು ಒಳಕ್ಕೆ ಒಯ್ಯುತ್ತದೆ, ಕಡಲಿಗಲ್ಲ. ನೀರು ನಿಂತ ಮೇಲೆ ತಿರುಗು, ಪಡುವಣ ಗಾಳಿ ಏಳುವ ಮೊದಲೇ ದಡ ಸೇರು. ತಡಮಾಡಿದರೆ ಇನ್ನೊಂದು ಫಜೀತಿ ಇದೆ: ಬಳಚು (ಚಿಪ್ಪುಮೀನು) ಹೆಕ್ಕುವವರು ಇಳಿದು ನಿಲ್ಲುವ ದಿಬ್ಬಗಳು ಇಳಿತದಲ್ಲಿ ಮೇಲೇಳುತ್ತವೆ, ಬೋಟು ಕೆಸರಿನಲ್ಲಿ ಕೂತರೆ ಮುಂದಿನ ಉಬ್ಬರದವರೆಗೂ ಕೂತಿರುತ್ತದೆ. 2024ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಅಳಿವೆ ಅದು. ಹಕ್ಕಿ ನೋಡಲು ಸಮಯ ಬೇಕಾದಷ್ಟು ಸಿಗುತ್ತದೆ.

ಆದರೆ ಎಲ್ಲಿಗೂ ಹೋಗುವ ಮೊದಲು ಬೋಟು ಮಗುಚು. ಎದೆಮಟ್ಟ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ. ಬೋಟಿನ ಬಾಯಿ ಮುಚ್ಚಲು ಸೊಂಟಕ್ಕೆ ಕಟ್ಟುವ ಸ್ಕರ್ಟಿನ ಮುಂದುಗಡೆ ಒಂದು ಪಟ್ಟಿ ಇದೆಯಲ್ಲ, ಅದು ಹೊರಗೆ ಕಾಣುವಂತಿದೆಯೇ ಎಂದು ಪ್ರತಿಸಲ ಕೈಯಿಂದ ಮುಟ್ಟಿ ನೋಡು. ಅದು ಒಳಗೆ ಸಿಕ್ಕಿಕೊಂಡರೆ ತಲೆಕೆಳಗಾದಾಗ ಸ್ಕರ್ಟು ಬಿಚ್ಚಲು ಹಿಡಿಯೇ ಸಿಗದು. ಹೊರಬಂದ ಮೇಲೆ ಬೋಟನ್ನೂ ಹುಟ್ಟನ್ನೂ ಬಿಡಬೇಡ. ಬೋಟು ನೆಟ್ಟಗೆ ಮಾಡಿ, ಹುಟ್ಟಿನ ಒಂದು ತುದಿಗೆ ಗಾಳಿಚೀಲ ಸಿಕ್ಕಿಸಿ ನೀರಿಗೆ ಚಾಚು, ಇನ್ನೊಂದು ತುದಿಯನ್ನು ಆಸನದ ಹಿಂದೆ ಬೋಟಿನ ಮೇಲೆ ಒತ್ತಿ ಹಿಡಿ, ಹೊಟ್ಟೆಯ ಮೇಲೆ ಮಲಗಿಕೊಂಡೇ ಹತ್ತು. ಆಮೇಲೆ ಪಂಪಿನಿಂದ ನೀರು ಖಾಲಿ ಮಾಡು. ವೀಡಿಯೋದಲ್ಲಿ ಬಲು ಸುಲಭ. ಕಾಲು ನೆಲಕ್ಕೆ ತಾಗದ ನೀರಿನಲ್ಲಿ, ಸುಸ್ತಾದ ಮೇಲೂ ಒಬ್ಬಳೇ ಹತ್ತಲು ಬಂದ ದಿನ ಒಂಟಿಯಾಗಿ ಹೋಗುವ ಮಾತು ತೆಗೆ.

ಮಗುಚಿ ನೋಡುವ ದಿನವೇ ಬೋಟಿನ ಗುಣವೂ ಗೊತ್ತಾಗುತ್ತದೆ. ಹಿಂದುಮುಂದಿನ ಮುಚ್ಚಿದ ಖಾನೆಗಳಲ್ಲಿ ಗಾಳಿ ಇರುವುದರಿಂದಲೇ ಅದು ಮುಳುಗದೆ ಉಳಿಯುವುದು. ಮಗುಚಿದ ಮೇಲೆ ಮುಚ್ಚಳ ತೆಗೆದು ನೋಡು, ಒಂದು ಲೋಟ ನೀರು ನುಗ್ಗಿದ್ದರೂ ಅಂಗಡಿಯವನಿಗೆ ಫೋನು ಮಾಡು. ಅಡ್ಡಗಾಳಿಗೆ ಮೂತಿ ಗಾಳಿಯತ್ತಲೇ ತಿರುಗುತ್ತದೆ, ಹೆದರಬೇಡ. ಬೋಟಿನ ಹಿಂಭಾಗದ ಅಡಿಯಲ್ಲಿರುವ ರೆಕ್ಕೆ, ಸ್ಕೆಗ್, ಅರ್ಧ ಇಳಿಸಿದರೆ ಸರಿಹೋಗುತ್ತದೆ. ಸ್ಕೆಗ್ಗಿನ ಸಂದಿಯಲ್ಲಿ ಮರಳು ಸಿಕ್ಕಿ ಬಿಗಿದುಕೊಳ್ಳುವುದು ಸಾಮಾನ್ಯ, ಅದರ ತುದಿಗೊಂದು ಸಣ್ಣ ದಾರ ಕಟ್ಟಿರು, ಎಳೆಯಲು ಬರುತ್ತದೆ. ಖಾಲಿ ಬೋಟು ನೀರಿನ ಮೇಲೆ ಎತ್ತರಕ್ಕೆ ತೇಲಿ ಅಲುಗುತ್ತದೆ; ಆಸನದ ಹಿಂದಿನ ಖಾನೆಯಲ್ಲಿ ಕುಡಿಯುವ ನೀರಿನ ಕ್ಯಾನು ಅಲುಗದಂತೆ ಇಟ್ಟುಕೊಂಡರೆ ಭಾರಕ್ಕೂ ಆಯಿತು, ಬಾಯಾರಿಕೆಗೂ ಆಯಿತು. ನೀನು ಓದುವ ಬ್ರಿಟನ್ನಿನ ಪುಸ್ತಕಗಳೆಲ್ಲ ತಣ್ಣೀರಿಗೆ ಹೆದರಿಸುತ್ತವೆ. ನಮ್ಮಲ್ಲಿ ಹೆದರಬೇಕಾದ್ದು ಬಿಸಿಲಿಗೆ.

ಆಸ್ಕರ್ ಸ್ಪೆಕ್ ಹೋಗಲಿಲ್ಲವೇ ಎಂದು ನೀನು ಕೇಳುತ್ತೀ, ಗೊತ್ತು. ಜರ್ಮನಿಯಿಂದ ಮಡಚುವ ಕಯಾಕಿನಲ್ಲಿ 1932ರಲ್ಲಿ ಹೊರಟವ ನಮ್ಮ ಪಶ್ಚಿಮ ಕರಾವಳಿ ಹಿಡಿದು 1935ರಲ್ಲಿ ಸಿಂಹಳ ಮುಟ್ಟಿದ, 1939ರಲ್ಲಿ ಆಸ್ಟ್ರೇಲಿಯಾದ ದ್ವೀಪಕ್ಕೆ ಹತ್ತಿದ. ಯುದ್ಧ ಶುರುವಾಗಿದ್ದರಿಂದ ಅಲ್ಲಿ ಅವನನ್ನು ಹಿಡಿದು ಸೆರೆಯಲ್ಲಿಟ್ಟರು. ಆದರೆ ಅವ ಹೊರಟದ್ದು ಕಡಲಿನಿಂದಲ್ಲ ತಂಗೀ, ಊಲ್ಮ್ ಊರಿನ ಡ್ಯಾನ್ಯೂಬ್ ಹೊಳೆಯಿಂದ. ಸೈಪ್ರಸ್ಸಿನ ತಾಮ್ರದ ಗಣಿಯಲ್ಲಿ ಕೆಲಸ ಸಿಕ್ಕರೆ ಸಾಕು ಎಂದು ಹೊರಟವ. ಉಳಿದದ್ದೆಲ್ಲ ಹೊಳೆಯಲ್ಲಿ ಕೈ ಪಳಗಿದ ಮೇಲಿನ ಮಾತು. ನಮ್ಮ ಕಾಲದ ಕೌಸ್ತುಭ್ ಖಾಡೆ ಗುಜರಾತಿನಿಂದ ಕನ್ಯಾಕುಮಾರಿಗೆ ಒಬ್ಬನೇ ಕಯಾಕಿನಲ್ಲಿ ಹೋದಾಗ ದಡದಲ್ಲಿ ಶಾಂಜಲಿ ಶಾಹಿ ಸೈಕಲ್ ತುಳಿದುಕೊಂಡು ಜೊತೆಗೆ ಬಂದರು. ಒಂಟಿ ಪಯಣಕ್ಕೂ ದಡದಲ್ಲೊಬ್ಬರು ಬೇಕು. ನಿನಗೆ ನಾನಿದ್ದೇನೆ, ಸೈಕಲ್ ಮಾತ್ರ ಕೇಳಬೇಡ. ಎಷ್ಟು ಗಂಟೆಗೆ ಎಲ್ಲಿ ಹತ್ತುತ್ತೀ ಎಂದು ಬರೆದುಕೊಟ್ಟು ಹೋಗು. ಹೊತ್ತು ಮೀರಿದರೆ ನಾನು ಮೊದಲು ತದಡಿಯ ಬೋಟಿನವರನ್ನು ಕರೆಯುತ್ತೇನೆ, ಜೊತೆಗೇ ಕೋಸ್ಟ್ ಗಾರ್ಡಿನ 1554ಕ್ಕೂ ಕರಾವಳಿ ಪೊಲೀಸರ 1093ಕ್ಕೂ ಫೋನು ಮಾಡುತ್ತೇನೆ. ನಿನ್ನ ಫೋನು ನೀರು ಹೋಗದ ಚೀಲದಲ್ಲಿ ಲೈಫ್ ಜಾಕೆಟ್ಟಿನ ಜೇಬಲ್ಲೇ ಇರಲಿ, ಬೋಟಿನ ಖಾನೆಯಲ್ಲಲ್ಲ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನವರು ತೆರೆಯ ಮುನ್ಸೂಚನೆ ಕೊಡುತ್ತಾರೆ, ಹಿಂದಿನ ರಾತ್ರಿ ನೋಡಿಕೊಂಡು ಮಲಗು.

ಶುಕ್ರವಾರವೇ ಬಂದುಬಿಡು. ಕಾರಿನ ಮೇಲೆ ಬೋಟು ಕಟ್ಟುವಾಗ ನಡುವಿನ ಎರಡು ಪಟ್ಟಿ ಸಾಲದು, ಮುಂದಕ್ಕೂ ಹಿಂದಕ್ಕೂ ಹಗ್ಗ ಬಿಗಿ. ಶಿರಸಿಯಲ್ಲಿ ನಿಲ್ಲಿಸಿ ಗಂಟು ಇನ್ನೊಮ್ಮೆ ನೋಡು, ದೇವಿಮನೆ ಘಟ್ಟದ ತಿರುವಿನಲ್ಲಿ ಸಡಿಲಾದರೆ ಕಷ್ಟ.

ಇಂತಿ,
ನಿನ್ನ ದೊಡ್ಡಪ್ಪ,
ಕುಮಟಾ