ಫೈಲು ಹಿಡಿದವರು, ಕಾಯಿಲೆ ಹೊತ್ತವರು

ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿಗಿಂತ ಮೊದಲು ಒಳಗೆ ಬರುವುದು ಫೈಲು. ಅದನ್ನು ಹಿಡಿದವರು ಮಗನೋ ಅಳಿಯನೋ ತಮ್ಮನೋ ಆಗಿರುತ್ತಾರೆ. ಬಯಾಪ್ಸಿ ರಿಪೋರ್ಟು, ಸ್ಕ್ಯಾನಿಂಗಿನ ದೊಡ್ಡ ಕವರು, ತಾಲ್ಲೂಕು ಆಸ್ಪತ್ರೆಯ ಚೀಟಿ, ರೇಷನ್ ಕಾರ್ಡಿನ ಜೆರಾಕ್ಸು, ಎಲ್ಲವೂ ಅವರ ಕೈಯಲ್ಲಿ. ಡಾಕ್ಟರು ಫೈಲು ಇಸಿದುಕೊಂಡು ಓದುತ್ತಾರೆ. ತಲೆಯೆತ್ತಿದಾಗ ಕಣ್ಣಿಗೆ ಬೀಳುವುದು ಫೈಲು ಕೊಟ್ಟವರ ಮುಖ. ಮಾತು ಅಲ್ಲಿಂದಲೇ ಶುರು. ಕಾಯಿಲೆ ಯಾರ ಮೈಯಲ್ಲಿದೆಯೋ ಅವರು ಸ್ಟೂಲಿನ ಮೇಲೆ ಕೂತು, ತಮ್ಮ ಬಗ್ಗೆ ಬೇರೆ ಇಬ್ಬರು ಆಡುವ ಮಾತನ್ನು ಕೇಳಿಸಿಕೊಳ್ಳುತ್ತಾರೆ.

ಆಪ್ತ ಸಮಾಲೋಚಕಿಯಾಗಿ ಇಂಥ ಕೋಣೆಗಳ ಮೂಲೆಯಲ್ಲಿ ವರ್ಷಗಟ್ಟಲೆ ಕೂತವಳು ನಾನು. ಒಳ್ಳೆಯ ಡಾಕ್ಟರುಗಳು ಹೇಗೆ ಮಾತಾಡುತ್ತಾರೆ ಎಂದು ಯಾರಾದರೂ ಕೇಳಿದರೆ, ಅವರ ಮೊದಲ ವಾಕ್ಯ ಯಾರ ಕಡೆಗೆ ಹೋಗುತ್ತದೆ ನೋಡಿ ಎನ್ನುತ್ತೇನೆ. ಫೈಲನ್ನು ಮೇಜಿನ ಮೇಲಿಟ್ಟು, ಕುರ್ಚಿಯನ್ನು ರೋಗಿಯ ಕಡೆ ತಿರುಗಿಸಿ, 'ನಿಮಗೆ ಏನಾಗಿದೆ ಅಂತ ಊರಲ್ಲಿ ಏನು ಹೇಳಿದ್ರು?' ಎಂದು ಕೇಳುವ ಡಾಕ್ಟರ ಹತ್ತಿರ ಚಿಕಿತ್ಸೆಗೆ ಸೇರಿದವರು ಅರ್ಧಕ್ಕೆ ಬಿಟ್ಟುಹೋಗುವುದು ಕಡಿಮೆ. ಇದು ನಾನು ಕಣ್ಣಾರೆ ಕಂಡದ್ದು.

ಆ ಪ್ರಶ್ನೆ ಕೇಳಲು ಅಡ್ಡಿ ಬರುವುದು ಮನೆಯವರ ಪ್ರೀತಿಯೇ. ರೋಗಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಮಗ ಒಬ್ಬನೇ ಒಳಗೆ ಬರುತ್ತಾನೆ. 'ಸಾರ್, ಅಪ್ಪಂಗೆ ಹೇಳ್ಬೇಡಿ, ತಡ್ಕೊಳಲ್ಲ. ಅಲ್ಸರ್ ಅಂದಿದೀವಿ.' ಇದು ನಮ್ಮ ಸಂಸ್ಕೃತಿ, ಪಶ್ಚಿಮದವರ ಹಾಗೆ ಮುಖಕ್ಕೆ ಹೊಡೆದಂತೆ ಹೇಳುವುದು ನಮಗಾಗದು ಎನ್ನುವವರಿದ್ದಾರೆ. ಆದರೆ 1961ರಲ್ಲಿ ಅಮೆರಿಕದಲ್ಲಿ ಡೊನಾಲ್ಡ್ ಓಕೆನ್ ಎಂಬ ಸಂಶೋಧಕರು ವೈದ್ಯರನ್ನು ಕೇಳಿದಾಗ ನೂರಕ್ಕೆ ತೊಂಬತ್ತು ಜನ, ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳದಿರುವುದೇ ಒಳ್ಳೆಯದು ಎಂದಿದ್ದರು. 1979ರಲ್ಲಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದಾಗ ನೂರಕ್ಕೆ ತೊಂಬತ್ತೇಳು ಜನ ಹೇಳುತ್ತೇವೆ ಎಂದರು. ಹದಿನೆಂಟು ವರ್ಷದಲ್ಲಿ ಒಂದು ದೇಶದ ಸಂಸ್ಕೃತಿಯೇ ಬದಲಾಗುವುದಿಲ್ಲ. ಈ ನಡುವೆ ಚಿಕಿತ್ಸೆಗಳು ಸುಧಾರಿಸಿದ್ದವು, ಹೇಳಿದ ಮೇಲೆ ಮಾಡುವುದಕ್ಕೂ ಏನಾದರೂ ಇತ್ತು. ಈಗ ನಮ್ಮಲ್ಲೂ ಇದೆ.

ಮಗನ ಮಾತಿಗೆ ಸಿಡುಕಿ 'ಹೇಳೋದು ನನ್ನ ಕರ್ತವ್ಯ' ಎಂದರೂ ಕೆಡುತ್ತದೆ, 'ಆಯ್ತು ಬಿಡಿ' ಎಂದು ಒಪ್ಪಿದರೂ ಕೆಡುತ್ತದೆ. ನಾನು ಬಹಳ ಗೌರವಿಸುವ ಒಬ್ಬ ಸರ್ಜನ್ ಹೇಳುತ್ತಿದ್ದದ್ದು ಇಷ್ಟು: 'ನಾನಾಗೇ ಏನೂ ಹೇರಲ್ಲಪ್ಪ. ಆದ್ರೆ ಅವರು ಕೇಳಿದ್ರೆ ಸುಳ್ಳು ಹೇಳಲ್ಲ. ನೀನೂ ಪಕ್ಕದಲ್ಲೇ ಇರು.' ಆಮೇಲೆ ತಂದೆಯನ್ನು ಕರೆಸಿ, ನಿಮ್ಮ ಕಾಯಿಲೆ ವಿಷಯ ನಿಮ್ಮ ಹತ್ತಿರವೇ ಮಾತಾಡಲೇ ಅಥವಾ ಮಗನ ಹತ್ತಿರ ಮಾತಾಡಲೇ ಎಂದು ಕೇಳುತ್ತಿದ್ದರು. ಎಲ್ಲವನ್ನೂ ಮಗನಿಗೇ ಬಿಟ್ಟವರೂ ಇದ್ದರು. ಅದೂ ಅವರೇ ಮಾಡಿದ ಆಯ್ಕೆ. ಅರಸೀಕೆರೆ ಕಡೆಯ ಒಬ್ಬ ರೈತರು ಮಾತ್ರ, 'ಮೂರು ತಿಂಗಳಿಂದ ಖಾರ ತಿನ್ನಕ್ಕಾಗ್ತಿಲ್ಲ, ಇದು ಏನೂಂತ ನಂಗೊತ್ತು ಸ್ವಾಮಿ. ಕೊಬ್ಬರಿ ಮಾರಿದ ದುಡ್ಡು ಯಾರ್ಯಾರ ಹತ್ರ ಐತೆ ಅಂತ ಇವನಿಗೆ ಗೊತ್ತಿಲ್ಲ. ಆಪರೇಷನ್‌ಗೆ ಮುಂಚೆ ನಾನು ಒಂದ್ಸಲ ಊರಿಗೆ ಹೋಗ್ಬರ್ಲಾ?' ಎಂದರು. ಸುಳ್ಳು ಹೇಳಿದ್ದರೆ ಆ ಲೆಕ್ಕ ಹಾಗೆಯೇ ಉಳಿದುಹೋಗುತ್ತಿತ್ತು.

ಹೇಳುವ ಮೊದಲು ಕೇಳಬೇಕು ಎಂಬುದನ್ನು ಕೆನಡಾದ ಕ್ಯಾನ್ಸರ್ ವೈದ್ಯ ರಾಬರ್ಟ್ ಬಕ್‌ಮನ್ ತಮ್ಮ ಜೊತೆಗಾರರೊಂದಿಗೆ 2000ದಲ್ಲಿ ಆರು ಮೆಟ್ಟಿಲುಗಳ ಕ್ರಮವಾಗಿ ಬರೆದಿಟ್ಟರು. ಕೂರಲು ಸರಿಯಾದ ಜಾಗ, ರೋಗಿಗೆ ಈಗಾಗಲೇ ತಿಳಿದಿರುವುದೇನು, ಎಷ್ಟು ತಿಳಿಯಲು ಇಷ್ಟ ಎಂಬ ಮೂರೂ ಮುಗಿದ ಮೇಲೆ ನಾಲ್ಕನೆಯದಾಗಿ ಸುದ್ದಿ ಹೇಳುವುದು. ನಮ್ಮ ಕೋಣೆಗಳಲ್ಲಿ ನಾಲ್ಕನೆಯದೇ ಮೊದಲು ಬರುತ್ತದೆ. ಡಾಕ್ಟರುಗಳನ್ನು ದೂರಿ ಪ್ರಯೋಜನವಿಲ್ಲ. ಬಾಗಿಲಾಚೆ ಜನ ಗೋಡೆಗೆ ಒರಗಿ ನಿಂತಿರುತ್ತಾರೆ, ರಾಯಚೂರಿನಿಂದ ರಾತ್ರಿ ಬಸ್ಸಿಗೆ ಬಂದವರು ಬೆಳಗಿನಿಂದ ಏನೂ ತಿಂದಿರುವುದಿಲ್ಲ. ಆದರೂ ಕುರ್ಚಿ ತಿರುಗಿಸಲು ಹೆಚ್ಚು ಸಮಯ ಬೇಕಿಲ್ಲ ಎಂದೇ ನನ್ನ ವಾದ.

ಅತಿ ಹೆಚ್ಚು ಹಾನಿ ಮಾಡುವುದು ಸ್ಟೇಜಿನ ಮಾತು. 'ಫೋರ್ತ್ ಸ್ಟೇಜ್' ಎಂದು ಕಿವಿಗೆ ಬಿದ್ದರೆ ಮನೆಯವರಿಗೆ ಸಿನಿಮಾದ ಕೊನೆಯ ದೃಶ್ಯವೇ ಕಾಣುತ್ತದೆ. ಅಡಿಕೆ, ಹೊಗೆಸೊಪ್ಪು, ಗುಟ್ಕಾದಿಂದ ಬರುವ ಬಾಯಿ ಕ್ಯಾನ್ಸರಿನಲ್ಲಿ ದವಡೆಯ ಮೂಳೆಗೆ ತಾಗಿದ್ದರೂ ಅದನ್ನು ನಾಲ್ಕು-ಎ ಎನ್ನುತ್ತಾರೆ. ಬೇರೆ ಅಂಗಗಳಿಗೆ ಹೋಗಿರುವುದಿಲ್ಲ. ಆಪರೇಷನ್ ಮಾಡಿ, ಆಮೇಲೆ ರೇಡಿಯೇಷನ್ ಕೊಟ್ಟು, ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ನಡೆಸುತ್ತಾರೆ. ಇನ್ನೊಂದು ಕಡೆ, ಸಾಮಾನ್ಯವಾಗಿ ಕಾಣುವ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರು ಐವತ್ತೈದು ದಾಟದವರಲ್ಲಿ ಶ್ವಾಸಕೋಶಕ್ಕೆ ಹರಡಿದ್ದರೂ ಈಗಿನ ಲೆಕ್ಕದಲ್ಲಿ ಅದು ಎರಡನೇ ಸ್ಟೇಜು. ಅಂದಮೇಲೆ ಬರೀ ಅಂಕಿ ಹೇಳಿ ಸುಮ್ಮನಾಗುವುದು ಅನ್ಯಾಯ. 'ನಾಲ್ಕನೇ ಸ್ಟೇಜಂತೆ' ಎಂದು ಕಾರಿಡಾರಿನಲ್ಲಿ ಅಳುತ್ತಿದ್ದ ಕುಟುಂಬವೊಂದು ಫೈಲು ಎತ್ತಿಕೊಂಡು ಊರಿಗೆ ಹೊರಟೇಬಿಟ್ಟಿತ್ತು. ಗುಣವಾಗುವ ಸಾಧ್ಯತೆ ಇದ್ದ ಕಾಯಿಲೆ ಅದು. ಗೇಟಿನ ಹತ್ತಿರ ಅವರನ್ನು ತಡೆದು ವಾಪಸು ಕರೆತಂದದ್ದು ನಮ್ಮ ವಾರ್ಡಿನ ಆಯಾ.

ಕ್ಯಾನ್ಸರ್ ಎಂಬ ಹೆಸರು ಕೇಳಿದ ಮೇಲೆ ಕಿವಿಗೆ ಬಿದ್ದದ್ದು ತಲೆಗೆ ಇಳಿಯುವುದಿಲ್ಲ. ಯಾವ ಕಾಯಿಲೆಯೇ ಆಗಲಿ, ವೈದ್ಯರು ಹೇಳಿದ್ದರಲ್ಲಿ ನೂರಕ್ಕೆ ನಲವತ್ತರಿಂದ ಎಂಬತ್ತರಷ್ಟನ್ನು ರೋಗಿಗಳು ತಕ್ಷಣವೇ ಮರೆಯುತ್ತಾರೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಆದ್ದರಿಂದ ಮೊದಲ ದಿನ ಕಿಮೋ, ರೇಡಿಯೇಷನ್, ಅಡ್ಡಪರಿಣಾಮ ಎಲ್ಲವನ್ನೂ ಸುರಿಯುವುದು ಬೇಡ. ಮುಂದಿನ ಹೆಜ್ಜೆ ಯಾವುದು, ಯಾವ ದಿನ ಬರಬೇಕು, ಯಾವ ಕೌಂಟರಿಗೆ ಹೋಗಬೇಕು ಎಂಬುದನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರೆ ಅದೇ ದೊಡ್ಡ ಉಪಕಾರ. ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದೇ ಎಂದು ಮನೆಯವರು ಕೇಳಿದರೆ ಡಾಕ್ಟರು ಅನುಮಾನದಿಂದ ನೋಡದಿರಲಿ. ರಾತ್ರಿ ಊಟದ ಮೇಲೆ ಮನೆಮಂದಿಯೆಲ್ಲ ಕೂತು ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ.

ಜನ ಬಾಯಿಬಿಟ್ಟು ಕೇಳದ ಸಂಗತಿಗಳನ್ನು ಮಾತ್ರ ಡಾಕ್ಟರೇ ಮೊದಲು ಎತ್ತಬೇಕು. ಇದು ಅಂಟುವುದಿಲ್ಲ, ತಟ್ಟೆ ಲೋಟ ಬೇರೆ ಇಡಬೇಕಿಲ್ಲ, ಮೊಮ್ಮಗುವನ್ನು ಎತ್ತಿಕೊಳ್ಳಬಹುದು. ಬಯಾಪ್ಸಿಗೆಂದು ತುಣುಕು ತೆಗೆದದ್ದರಿಂದ ಕಾಯಿಲೆ ಹೆಚ್ಚಾಗಿಲ್ಲ. ಹಾಗೆಯೇ ದುಡ್ಡು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ ಎಂಬ ಒಂದು ಮಾತನ್ನು ಡಾಕ್ಟರ ಬಾಯಿಂದ ಕೇಳಿದಾಗ ಬಿಗಿದ ಮುಖಗಳು ಸಡಿಲವಾದದ್ದನ್ನು ನೋಡಿದ್ದೇನೆ. ಇನ್ನು ನಾಟಿ ಔಷಧಿ. ಆನಂದಪುರದ ಹತ್ತಿರದ ನರಸೀಪುರಕ್ಕೆ ಆ ಔಷಧಿಗೆಂದು ಹೋಗಿಬಂದೆವು ಎಂದವರನ್ನು ಗದರಿದರೆ, ಮುಂದೆ ಅವರು ಏನು ಕುಡಿದರೂ ಬಾಯಿಬಿಡುವುದಿಲ್ಲ. ಕಿಮೋ ನಡೆಯುವಾಗ ಹೊಟ್ಟೆಗೆ ಏನು ಹೋಗುತ್ತಿದೆ ಎಂಬುದು ಡಾಕ್ಟರಿಗೆ ತಿಳಿದಿರಲೇಬೇಕು.

'ಎಷ್ಟು ದಿನ?' ಎಂಬ ಪ್ರಶ್ನೆಗೆ 'ದೇವರ ಕೈಯಲ್ಲಿದೆ' ಎನ್ನುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಆರು ತಿಂಗಳು ಎಂದು ಗೆರೆ ಎಳೆಯುವುದೂ ಸರಿಯಲ್ಲ. 'ಯಾಕೆ ಕೇಳ್ತಿದೀರಿ?' ಎಂದು ಮೆಲ್ಲಗೆ ಕೇಳಿದಾಗ ಮಗಳ ಮದುವೆಯೋ, ಸಾಲದ ಕಂತೋ ಹೊರಬೀಳುತ್ತದೆ. ಆಗ, ಮದುವೆಯನ್ನು ಮುಂದೂಡಬೇಡಿ ಎಂದಾದರೂ ಹೇಳಬಹುದು.

ವೈದ್ಯಕೀಯ ಶಿಕ್ಷಣದಲ್ಲಿ 2019ರ ತಂಡದಿಂದ ನಡವಳಿಕೆ, ನೀತಿ ಮತ್ತು ಸಂವಹನದ ಪಾಠ ಸೇರಿದೆ. ಬಹಳ ಒಳ್ಳೆಯದಾಯಿತು. ಆದರೆ ನಮ್ಮಲ್ಲಿಗೆ ಬರುವ ರೆಸಿಡೆಂಟ್ ಡಾಕ್ಟರುಗಳಲ್ಲಿ ಹಲವರು ಹೊರರಾಜ್ಯದವರು. ಅವರು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳುತ್ತಾರೆ. ಪಕ್ಕದಲ್ಲಿದ್ದ ಅಟೆಂಡರು ಕರುಣೆಯಿಂದ 'ಏನಿಲ್ಲಮ್ಮ, ಚಿಕ್ಕ ಗಡ್ಡೆ' ಎಂದುಬಿಡುತ್ತಾರೆ. ಅದಕ್ಕೇ ನಾನು ಹೊಸಬರಿಗೆ ಕೆಲವು ಕನ್ನಡ ವಾಕ್ಯಗಳನ್ನು ಕಲಿಸುತ್ತೇನೆ. 'ಏನಾದ್ರೂ ಕೇಳೋದಿದ್ಯಾ?' ಎಂದರೆ ನಮ್ಮ ಜನ ತಲೆಯಾಡಿಸಿ ಎದ್ದುಬಿಡುತ್ತಾರೆ. 'ಮನೆಗೆ ಹೋದ್ಮೇಲೆ ಯಾವುದು ಕಷ್ಟ ಆಗಬಹುದು ಅನ್ಸುತ್ತೆ, ಹೇಳಿ' ಎಂದು ಕೇಳಲು ಹೇಳಿಕೊಡುತ್ತೇನೆ. ಪಟ್ನಾದಿಂದ ಬಂದಿದ್ದ ಒಬ್ಬ ಹುಡುಗ ಅದನ್ನು ಬಾಯಿಪಾಠ ಮಾಡಿ, ತೊದಲುತ್ತಲೇ, ಚಳ್ಳಕೆರೆ ಕಡೆಯ ಹೆಂಗಸೊಬ್ಬರನ್ನು ಕೇಳಿದ. 'ಕರೆಂಟು ದಿನಾ ಕೊಡ್ತೀರಂತಲ್ಲ, ನಾನು ದಿನಾ ಬಸ್ಸಿಗೆ ಬಂದು ಹೋಗಕ್ಕಾಗುತ್ತಾ?' ಎಂದರು ಆಕೆ. ವಾರಕ್ಕೆ ಐದು ದಿನದಂತೆ ಆರು ವಾರದ ರೇಡಿಯೇಷನ್ ಅವರಿಗೆ. ಉಳಿಯುವ ಜಾಗದ ಮಾತನ್ನು ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ. ಅವನು ನನ್ನ ಕಡೆ ತಿರುಗಿದ. ನಾನು ಧರ್ಮಶಾಲೆಗೆ ಫೋನ್ ಮಾಡಿ ಒಂದು ಹಾಸಿಗೆ ಖಾಲಿ ಇದೆಯೇ ವಿಚಾರಿಸಿದೆ.